ಚಿಗುರಿನ ಹಿಂದೆ ಹಿಂದೆ: ಕೈತೋಟದಲ್ಲಿ ನನ್ನ ವಸಂತದ ಕೆಲಸಗಳು

ಚಳಿ ಹಿಂದೆ ಸರಿಯುವ ಹೊತ್ತಿಗೆ ಗುಲಾಬಿ ಕಡ್ಡಿಗಳ ಮೇಲಿನ ಕಣ್ಣುಗಳು ಕೆಂಪಗೆ ಉಬ್ಬತೊಡಗುತ್ತವೆ. ಅವು ಕಾಣಿಸಿಕೊಂಡ ದಿನದಿಂದ ನನ್ನ ಕೈತೋಟದಲ್ಲಿ ವಸಂತದ ಕೆಲಸ ಶುರು. ಒಂದು ವರ್ಷ ಚಳಿ ಬೇಗ ಮುಗಿಯುತ್ತದೆ, ಇನ್ನೊಂದು ವರ್ಷ ವಾರಗಟ್ಟಲೆ ಎಳೆಯುತ್ತದೆ. ಅದು ಕ್ಯಾಲೆಂಡರಿಗಿಂತ ಗಿಡಕ್ಕೇ ಚೆನ್ನಾಗಿ ಗೊತ್ತು. ಹಾಗಾಗಿ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದನ್ನು ನಾನು ಗಿಡಕ್ಕೂ ಮಣ್ಣಿಗೂ ಬಿಟ್ಟಿದ್ದೇನೆ. ಅವು ತೋರಿಸಿದ ಕ್ರಮದಲ್ಲಿ ದಿನವೂ ಸ್ವಲ್ಪ ಸ್ವಲ್ಪ ಮಾಡುತ್ತಾ ಹೋದರೆ ವಸಂತದ ತೋಟಗೆಲಸ ಹೊರೆಯಾಗುವುದೇ ಇಲ್ಲ. ಎಲ್ಲವನ್ನೂ ರಜಾದಿನಕ್ಕೆ ಕೂಡಿಟ್ಟು, ಒಂದೇ ದಿನ ಸವರಿ, ಅಗೆದು, ಗೊಬ್ಬರ ಸುರಿದು, ಬಿತ್ತಿ ಮುಗಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಅದರಿಂದ ಬೆನ್ನಿಗೂ ಪೆಟ್ಟು, ಗಿಡಕ್ಕೂ ಪೆಟ್ಟು.

ಬೆಳಿಗ್ಗೆ ತೋಟಕ್ಕೆ ಇಳಿದರೆ ಮೊದಲು ಒಂದು ಸುತ್ತು ಬರುತ್ತೇನೆ. ಚಿಗುರಿನ ತುದಿ ನೆಟ್ಟಗಿದೆಯೇ ಸುರುಟಿದೆಯೇ, ಎಲೆಯ ಅಡಿಯಲ್ಲಿ ಏನಾದರೂ ಅಂಟಿಕೊಂಡಿದೆಯೇ, ಕುಂಡದ ಮಣ್ಣು ಅಂಚು ಬಿಟ್ಟು ಒಳಕ್ಕೆ ಸರಿದಿದೆಯೇ, ರಾತ್ರಿ ಯಾವುದಾದರೂ ಬಸವನಹುಳು ಸಸಿಯನ್ನು ಕೆರೆದು ಹೋಗಿದೆಯೇ ಎಂದು ನೋಡುತ್ತೇನೆ. ಜೇಬಿನಲ್ಲಿ ಕತ್ತರಿ, ಕೈಯಲ್ಲಿ ಕಳೆ ಹಾಕುವುದಕ್ಕೆ ಒಂದು ಬುಟ್ಟಿ. ಈ ಸುತ್ತಿನಲ್ಲಿ ಕಂಡದ್ದೇ ಆ ದಿನದ ಕೆಲಸ.

ಮೊದಲ ಸರದಿ ಸವರುವುದರದ್ದು. ಕಣ್ಣು ಉಬ್ಬಿ ಇನ್ನೂ ಎಲೆ ಬಿಚ್ಚದಿರುವ ಕೆಲವೇ ದಿನಗಳು ಗುಲಾಬಿ ಸವರುವುದಕ್ಕೆ ಹೇಳಿ ಮಾಡಿಸಿದ ಕಾಲ. ಬೇರು, ಕಾಂಡಗಳಲ್ಲಿ ಗಿಡ ಕೂಡಿಟ್ಟ ಆಹಾರ ಆಗ ಇನ್ನೂ ಖರ್ಚಾಗಿರುವುದಿಲ್ಲ. ಯಾವ ಕಡ್ಡಿಗೆ ಜೀವವಿದೆ, ಯಾವುದಕ್ಕಿಲ್ಲ ಎಂಬುದೂ ಸ್ಪಷ್ಟವಾಗಿರುತ್ತದೆ. ಸಂಶಯ ಬಂದಲ್ಲಿ ಉಗುರಿನಿಂದ ತೊಗಟೆಯನ್ನು ತುಸು ಗೀರುತ್ತೇನೆ. ಒಳಗೆ ಹಸಿರಿದ್ದರೆ ಬದುಕಿದೆ. ಕಂದಾಗಿದ್ದರೆ ಹಸಿರು ಸಿಗುವವರೆಗೆ ಕೆಳಕ್ಕೆ ಕತ್ತರಿಸುತ್ತಾ ಬರಬೇಕು. ಒಣಗಿದ್ದು, ರೋಗ ಬಡಿದದ್ದು, ಒಂದಕ್ಕೊಂದು ಉಜ್ಜುತ್ತಿರುವುದು ಇಷ್ಟನ್ನು ತೆಗೆದರೆ ಅರ್ಧ ಕೆಲಸ ಮುಗಿಯಿತು. ಉಳಿದ ಗಟ್ಟಿ ಕಡ್ಡಿಗಳನ್ನು ಹೊರಮುಖವಾಗಿರುವ ಕಣ್ಣಿಗಿಂತ ಸುಮಾರು ಅರ್ಧ ಸೆಂಟಿಮೀಟರ್ ಮೇಲೆ, ಕಣ್ಣಿನ ಹಿಂಬದಿಗೆ ನೀರು ಜಾರುವಂತೆ ಓರೆಯಾಗಿ ಕತ್ತರಿಸುತ್ತೇನೆ. ಹೊರಮುಖದ ಕಣ್ಣನ್ನೇ ಆರಿಸಿದರೆ ಹೊಸ ರೆಂಬೆ ಹೊರಕ್ಕೆ ಸಾಗುತ್ತದೆ, ಗಿಡದ ನಡುಭಾಗ ತೆರೆದುಕೊಂಡು ಗಾಳಿಯಾಡುತ್ತದೆ, ಕಪ್ಪು ಚುಕ್ಕೆ ರೋಗಕ್ಕೆ ಬೇಕಾದ ತೇವ ಎಲೆಗಳ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಕತ್ತರಿಸಿದ ಮೇಲೆ ಗಿಡ ಪೊದೆಯಾಗಿ ಒಡೆಯುವುದನ್ನು ನೋಡುವುದೇ ಒಂದು ಸಂತೋಷ. ರೆಂಬೆಯ ತುದಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿನ ಕಣ್ಣುಗಳನ್ನು ತಡೆದು ನಿಲ್ಲಿಸಿರುತ್ತದೆ. ತುದಿ ಹೋದೊಡನೆ ಆ ತಡೆ ಸಡಿಲವಾಗಿ ಕೆಳಗಿನವು ಎಚ್ಚರಗೊಳ್ಳುತ್ತವೆ. ದಾಸವಾಳ, ಮಲ್ಲಿಗೆಗಳೂ ಹೊಸ ಚಿಗುರಿನಲ್ಲೇ ಹೂ ಬಿಡುವುದರಿಂದ ಅವನ್ನೂ ಇದೇ ಹೊತ್ತಿಗೆ ಸವರುತ್ತೇನೆ. ಆದರೆ ಅಜೇಲಿಯಾದಂಥ ಗಿಡಗಳಿಗೆ ಈಗ ಕತ್ತರಿ ತಾಗಿಸಬಾರದು. ಅವು ಹಿಂದಿನ ವರ್ಷದ ರೆಂಬೆಯಲ್ಲಿ ಆಗಲೇ ಮೊಗ್ಗು ಕಟ್ಟಿಕೊಂಡು ಕಾದಿರುತ್ತವೆ; ಅವುಗಳ ಹೂ ಮುಗಿದ ಮೇಲೆಯೇ ಸವರುವ ಕಾಲ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯ ಅಲಗನ್ನು ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸುತ್ತೇನೆ. ಗಾಯಕ್ಕೆ ಬಣ್ಣ, ಮುಲಾಮು ಏನನ್ನೂ ಹಚ್ಚುವುದಿಲ್ಲ. ಅಲಗು ಹರಿತವಾಗಿದ್ದರೆ ಗಾಯ ನುಣುಪಾಗಿರುತ್ತದೆ, ಗಿಡ ತಾನೇ ಅದನ್ನು ಮುಚ್ಚಿಕೊಳ್ಳುತ್ತದೆ.

ಇನ್ನು ಮಣ್ಣು. ಮಡಿಗೆ ಕೈ ಹಾಕುವ ಮುನ್ನ ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಅದುಮಿ ನೋಡುತ್ತೇನೆ. ಉಂಡೆಯಾಗಿ, ಬೆರಳು ತಾಗಿಸಿದೊಡನೆ ಉದುರಿದರೆ ಹದವಾಗಿದೆ. ಉಂಡೆ ಹಾಗೆಯೇ ಅಂಟಿಕೊಂಡು ಉಳಿದರೆ ಇನ್ನೂ ಕೆಲವು ದಿನ ಕಾಯಬೇಕು. ಒದ್ದೆ ಮಣ್ಣನ್ನು ತುಳಿದರೆ, ಅಗೆದರೆ ಅದರೊಳಗಿನ ಗಾಳಿಯ ರಂಧ್ರಗಳು ಮುಚ್ಚಿ, ಒಣಗಿದ ಮೇಲೆ ಹೆಂಟೆಗಳಾಗುತ್ತವೆ. ಮತ್ತೆ ಅದನ್ನು ಸರಿಪಡಿಸಲು ಇಡೀ ಹಂಗಾಮು ಬೇಕು. ವಸಂತದಲ್ಲಿ ಕಾಯುವುದೂ ಒಂದು ಕೆಲಸವೆಂದು ನಾನು ಭಾವಿಸಿರುವುದು ಇದಕ್ಕೇ.

ನಾನು ಮಡಿಗಳನ್ನು ಆಳವಾಗಿ ಅಗೆಯುವುದಿಲ್ಲ. ಅಗೆದಾಗಲೆಲ್ಲ ಕೆಳಗೆ ಹುದುಗಿದ್ದ ಕಳೆಯ ಬೀಜಗಳು ಬೆಳಕಿಗೆ ಬಂದು ಮೊಳೆಯುತ್ತವೆ. ಎರೆಹುಳುಗಳ ಸುರಂಗಗಳೂ ಶಿಲೀಂಧ್ರದ ಎಳೆಗಳೂ ಕಡಿದುಹೋಗುತ್ತವೆ. ಗಟ್ಟಿಯಾದಲ್ಲಿ ಮಾತ್ರ ಮುಳ್ಳುಗುದ್ದಲಿಯನ್ನು ಚುಚ್ಚಿ, ಮಣ್ಣು ಮಗುಚದಂತೆ ಹಿಂದೆ ಮುಂದೆ ಅಲುಗಿಸಿ ಸಡಿಲಿಸುತ್ತೇನೆ. ಮೇಲೆ ನಾಲ್ಕೈದು ಸೆಂಟಿಮೀಟರ್ ದಪ್ಪಕ್ಕೆ ಕಾಂಪೋಸ್ಟ್ ಹರಡುತ್ತೇನೆ. ಅದನ್ನು ಕೆಳಕ್ಕೆ ಒಯ್ಯುವ ಕೆಲಸ ಎರೆಹುಳುಗಳದ್ದು, ಅವು ನನಗಿಂತ ಅಚ್ಚುಕಟ್ಟಾಗಿ ಮಾಡುತ್ತವೆ.

ಕಾಂಪೋಸ್ಟ್ ಪೂರ್ತಿ ಕಳಿತಿರಬೇಕು. ಕಪ್ಪಗೆ ಪುಡಿಪುಡಿಯಾಗಿ ಮಣ್ಣಿನ ವಾಸನೆ ಬರುತ್ತಿರಬೇಕು. ಒಣ ಕಸದ ಚೂರುಗಳು ಇನ್ನೂ ಎದ್ದು ಕಾಣುತ್ತಿರುವ ಅರೆಬರೆ ಗೊಬ್ಬರವನ್ನು ಮಣ್ಣಿಗೆ ಬೆರೆಸಿದರೆ, ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಗಿಡಕ್ಕೆ ಸಿಗಬೇಕಾದ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ಎಳೆಯ ಸಸಿಗಳು ಹಳದಿಯಾಗುತ್ತವೆ. ಚಳಿಗಾಲದಲ್ಲಿ ಮಂಕಾಗಿದ್ದ ಗೊಬ್ಬರದ ರಾಶಿಯನ್ನೂ ಈಗಲೇ ಮಗುಚುತ್ತೇನೆ. ಇಂಗಾಲ 25ರಿಂದ 30 ಪಾಲು, ಸಾರಜನಕ 1 ಪಾಲು ಇರುವಂತೆ ಒಣ ಎಲೆಗೆ ಹಸಿ ಕಸವನ್ನು ಸೇರಿಸಿ, ಹಿಂಡಿದ ಬಟ್ಟೆಯಷ್ಟು ಒದ್ದೆಯಿರುವಂತೆ ನೋಡಿಕೊಂಡರೆ ರಾಶಿ ಕೆಲವೇ ದಿನಗಳಲ್ಲಿ ಬಿಸಿಯೇರುತ್ತದೆ. ನಡುಭಾಗ 55 ಡಿಗ್ರಿ ಸೆಲ್ಸಿಯಸ್ ದಾಟಿ ಹಲವು ದಿನ ನಿಂತರೆ ಹೆಚ್ಚಿನ ಕಳೆಬೀಜಗಳೂ ರೋಗಾಣುಗಳೂ ಸಾಯುತ್ತವೆ. ಅಂಚಿನ ಕಸ ನಡುವಿಗೆ ಬರುವಂತೆ ಮಗುಚುವುದು ಅದಕ್ಕಾಗಿಯೇ.

ಕಳೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ಹೂ ಬಿಡುವ ಮೊದಲೇ ಕೀಳಬೇಕು, ಮಣ್ಣು ತುಸು ತೇವವಿದ್ದಾಗ ಕೀಳಬೇಕು. ಜೇಕು, ಗರಿಕೆಗಳಿಗೆ ಮಾತ್ರ ಈ ನಿಯಮ ಸಾಲದು. ಜೇಕಿನ ಗಡ್ಡೆ ಒಂದು ಉಳಿದರೂ ಮತ್ತೆ ಹಬ್ಬುತ್ತದೆ, ಆದ್ದರಿಂದ ಅದನ್ನು ಜಗ್ಗದೆ ಸುತ್ತಲಿನ ಮಣ್ಣು ಸಡಿಲಿಸಿ ಗಡ್ಡೆಯ ಸಮೇತ ಎತ್ತುತ್ತೇನೆ. ಅದು ಗೊಬ್ಬರದ ರಾಶಿಗೆ ಹೋಗುವುದಿಲ್ಲ.

ಬಿತ್ತನೆ ನನಗೆ ಎಲ್ಲಕ್ಕಿಂತ ಪ್ರಿಯವಾದ ಕೆಲಸ, ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಕೇಳುವುದೂ ಅದೇ. ಬೀಜ ಹಗಲಿನ ಬಿಸಿಲು ನೋಡಿ ಮೊಳೆಯುವುದಿಲ್ಲ, ಮಣ್ಣಿನ ಬಿಸಿ ನೋಡಿ ಮೊಳೆಯುತ್ತದೆ. ಟೊಮೆಟೊಗೆ 20ರಿಂದ 30 ಡಿಗ್ರಿ ಚೆನ್ನ. ಮೆಣಸಿನಕಾಯಿ ಮತ್ತು ಬದನೆ ಇನ್ನೂ ತುಸು ಬೆಚ್ಚಗೆ ಬಯಸುತ್ತವೆ. ಲೆಟಿಸ್ ಅದಕ್ಕೆ ತದ್ವಿರುದ್ಧ, ಮಣ್ಣು ಬಿಸಿಯಾದರೆ ಅದು ಮೊಳೆಯಲು ನಿರಾಕರಿಸುತ್ತದೆ. ಹಾಗಾಗಿ ಮಣ್ಣು ಇನ್ನೂ ತಂಪಾಗಿರುವಾಗಲೇ ಲೆಟಿಸ್, ಪಾಲಕ್, ಮೂಲಂಗಿ, ಬಟಾಣಿ; ಬೆಚ್ಚಗಾದ ಮೇಲೆ ಹುರುಳಿಕಾಯಿ, ಸೌತೆ, ಕುಂಬಳ. ಈ ಸಾಲನ್ನು ನಾನು ಎಂದೂ ಮೀರುವುದಿಲ್ಲ.

ಬೀಜದ ದಪ್ಪದ ಎರಡು ಮೂರು ಪಟ್ಟು ಆಳ ಸಾಕು. ಲೆಟಿಸ್‌ನಂಥ ಸಣ್ಣ ಬೀಜಕ್ಕೆ ಬೆಳಕೂ ಬೇಕಾದ್ದರಿಂದ ಮಣ್ಣಿನ ಮೇಲೆ ಉದುರಿಸಿ ಬರಿದೆ ಒತ್ತುತ್ತೇನೆ. ಮೂಲಂಗಿ, ಕ್ಯಾರೆಟ್, ಹುರುಳಿಕಾಯಿಗಳನ್ನು ಇರಬೇಕಾದ ಜಾಗದಲ್ಲೇ ಬಿತ್ತುತ್ತೇನೆ. ಕಿತ್ತು ನೆಟ್ಟ ಕ್ಯಾರೆಟ್ಟಿನ ಬೇರು ಕವಲೊಡೆದು ಸೊಟ್ಟಗಾಗುತ್ತದೆ. ಟೊಮೆಟೊ, ಮೆಣಸಿನಕಾಯಿ, ಬದನೆಗಳಿಗೆ ತಟ್ಟೆಯಲ್ಲಿ ಸಸಿ ಮಾಡಿಕೊಳ್ಳುತ್ತೇನೆ. ತಟ್ಟೆಗೆ ಮೇಲಿನಿಂದ ಸುರಿಯದೆ, ನೀರಿರುವ ಅಗಲ ಪಾತ್ರೆಯಲ್ಲಿ ಇಟ್ಟು ಅಡಿಯಿಂದ ನೀರು ಏರುವಂತೆ ಮಾಡುತ್ತೇನೆ. ಮೇಲ್ಮಣ್ಣು ಸದಾ ಒದ್ದೆಯಾಗಿದ್ದು ಗಾಳಿಯೂ ಇಲ್ಲದಿದ್ದರೆ ಎಳೆಯ ಸಸಿಗಳ ಬುಡ ಕೊಳೆತು, ರಾತ್ರಿ ಬೆಳಗಾಗುವುದರೊಳಗೆ ಸಾಲಿಗೆ ಸಾಲೇ ಮಲಗಿಬಿಡುತ್ತದೆ.

ಮೊದಲು ಬರುವ ಜೋಡಿ ಎಲೆಗಳು ಬೀಜದೊಳಗೇ ಇದ್ದ ಬೀಜದಳಗಳು. ಅವುಗಳ ನಂತರ ನಿಜವಾದ ಎಲೆಗಳು ಮೂಡಿದಾಗ ಸಸಿಯನ್ನು ಬೇರೆ ಬೇರೆ ಲೋಟಗಳಿಗೆ ಬಿಡಿಸುತ್ತೇನೆ. ಹಿಡಿಯುವುದು ಎಲೆಯನ್ನು, ಕಾಂಡವನ್ನಲ್ಲ. ಎಲೆ ಹರಿದರೆ ಇನ್ನೊಂದು ಬರುತ್ತದೆ. ನಜ್ಜುಗುಜ್ಜಾದ ಕಾಂಡಕ್ಕೆ ಬದಲಿಯಿಲ್ಲ. ಹೊರಗೆ ನೆಡುವ ಮೊದಲು ವಾರ ಹತ್ತು ದಿನ ಸಸಿಗಳನ್ನು ಹೊರಗಿನ ಹವೆಗೆ ಒಗ್ಗಿಸಬೇಕು: ಮೊದಲು ಒಂದೆರಡು ತಾಸು ನೆರಳಿನಲ್ಲಿ, ಆಮೇಲೆ ಎಳೆಬಿಸಿಲಿನಲ್ಲಿ, ಕೊನೆಗೆ ಇಡೀ ದಿನ. ಹಾಗೆ ಮಾಡಿದಾಗ ಎಲೆಯ ಮೇಣದ ಪದರ ದಪ್ಪವಾಗುತ್ತದೆ, ಗಾಳಿ ಅಲುಗಿಸಿದಷ್ಟೂ ಕಾಂಡ ಗಟ್ಟಿಯಾಗುತ್ತದೆ. ರಾತ್ರಿಯ ಉಷ್ಣತೆ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತಿರುವವರೆಗೆ ಟೊಮೆಟೊ ನೆಡುವ ಆತುರ ಬೇಡ, ಬೆಳವಣಿಗೆ ನಿಂತೇಬಿಡುತ್ತದೆ. ನೆಡುವಾಗ ಟೊಮೆಟೊವನ್ನು ಮಾತ್ರ ಕೆಳಗಿನ ಎಲೆ ಚಿವುಟಿ ಕಾಂಡದ ಬಹುಪಾಲು ಹೂತು ನೆಡುತ್ತೇನೆ. ಹೂತ ಕಾಂಡದ ಉದ್ದಕ್ಕೂ ಬೇರು ಬಿಡುತ್ತದೆ. ಉಳಿದ ಸಸಿಗಳು ಲೋಟದಲ್ಲಿದ್ದಷ್ಟೇ ಆಳಕ್ಕೆ. ಎಲ್ಲವನ್ನೂ ಸಂಜೆ ನೆಡುತ್ತೇನೆ, ಬೇರಿಗೆ ಒಂದು ರಾತ್ರಿಯ ಬಿಡುವು ಸಿಗಲೆಂದು.

ಕುಂಡದ ಗಿಡಗಳನ್ನು ಬದಲಿಸುವುದೂ ಚಿಗುರು ಹೊರಡುವ ಈ ಹೊತ್ತಿನಲ್ಲೇ. ನೀರು ಹಾಕಿದ ಕೂಡಲೇ ಅಡಿಯಿಂದ ಸುರಿದುಹೋಗುತ್ತಿದ್ದರೆ, ತೂತಿನಿಂದ ಬೇರು ಇಣುಕುತ್ತಿದ್ದರೆ ಒಳಗೆ ಬೇರು ಸುತ್ತಿಕೊಂಡಿದೆ ಎಂದರ್ಥ. ಹೊರಸುತ್ತಿನ ಬೇರುಗಳನ್ನು ಬೆರಳಿನಿಂದ ಬಿಡಿಸಿ, ತೀರ ಹೆಣೆದುಕೊಂಡವನ್ನು ಕತ್ತರಿಸಿ, ಹಿಂದಿನದಕ್ಕಿಂತ ಮೂರು ನಾಲ್ಕು ಸೆಂಟಿಮೀಟರ್ ಅಗಲದ ಕುಂಡಕ್ಕೆ ಹಾಕುತ್ತೇನೆ. ಒಮ್ಮೆಲೇ ದೊಡ್ಡ ಕುಂಡಕ್ಕೆ ಹಾಕಿದರೆ ಬೇರು ಮುಟ್ಟದ ಮಣ್ಣು ಒದ್ದೆಯಾಗಿಯೇ ಉಳಿದು ಹುಳಿಯುತ್ತದೆ. ನೀರು ಬಸಿಯಲೆಂದು ಅಡಿಯಲ್ಲಿ ಜಲ್ಲಿ ತುಂಬುವ ರೂಢಿ ಎಲ್ಲ ಕಡೆ ಇದೆ. ನಾನು ಅದನ್ನು ಮಾಡುವುದಿಲ್ಲ. ಸಣ್ಣ ಕಣದ ಮಣ್ಣಿನಿಂದ ದೊಡ್ಡ ಕಣದ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ; ಜಲ್ಲಿಯ ಮೇಲೆಯೇ ಮಣ್ಣು ಒದ್ದೆಯಾಗಿ ನಿಲ್ಲುತ್ತದೆ, ಬೇರಿಗೆ ಸಿಗುವ ಜಾಗವೂ ಕಡಿಮೆಯಾಗುತ್ತದೆ. ತೂತು ತೆರೆದಿದ್ದು, ಮಣ್ಣೇ ಹಗುರವಾಗಿದ್ದರೆ ನೀರು ತಾನಾಗಿ ಬಸಿಯುತ್ತದೆ.

ಬಿಸಿಲು ಏರುತ್ತಿದ್ದಂತೆ ಮಡಿಗಳಿಗೆ ಒಣ ಎಲೆ, ಹುಲ್ಲಿನ ಹೊದಿಕೆ ಹಾಕುತ್ತೇನೆ. ಐದಾರು ಸೆಂಟಿಮೀಟರ್ ದಪ್ಪ ಸಾಕು, ಕಾಂಡದ ಸುತ್ತ ನಾಲ್ಕು ಬೆರಳು ಜಾಗ ಬಿಟ್ಟು. ಮಣ್ಣು ಬೆಚ್ಚಗಾಗುವ ಮೊದಲೇ ಹೊದಿಸಿದರೆ ತಂಪು ಒಳಗೇ ಉಳಿಯುತ್ತದೆ. ನೀರು ಬೆಳಿಗ್ಗೆ, ಬುಡಕ್ಕೆ, ನಿಧಾನವಾಗಿ. ದಿನವೂ ಚಿಮುಕಿಸುವುದಕ್ಕಿಂತ ಬೆರಳನ್ನು ಎರಡು ಗೆಣ್ಣು ಆಳಕ್ಕೆ ಇಳಿಸಿ, ಒಣಗಿದ್ದರೆ ಮಾತ್ರ ತುಂಬ ಹಾಕುವುದು ಮೇಲು. ಬೇರು ನೀರನ್ನು ಹುಡುಕಿಕೊಂಡು ಕೆಳಕ್ಕೆ ಇಳಿಯಬೇಕು.

ಎಳೆಯ ಚಿಗುರು ಬಂದಲ್ಲಿ ಸಸ್ಯಹೇನು ಬಂದೇ ಬರುತ್ತದೆ. ವಸಂತದ ಹೆಣ್ಣು ಹೇನುಗಳು ಗಂಡಿನ ನೆರವಿಲ್ಲದೆ ನೇರವಾಗಿ ಮರಿ ಹಾಕುತ್ತವೆ, ಆ ಮರಿಗಳು ಬೆಚ್ಚಗಿನ ಹವೆಯಲ್ಲಿ ಒಂದೆರಡು ವಾರದೊಳಗೆ ತಾವೂ ಮರಿ ಹಾಕತೊಡಗುತ್ತವೆ. ಬೆಳಗಿನ ಸುತ್ತು ಇಲ್ಲಿ ತನ್ನ ಬೆಲೆ ತೋರಿಸುತ್ತದೆ, ಮೊದಲ ಗುಂಪು ಕಂಡಾಗಲೇ ಬೆರಳಿನಿಂದ ಒರೆಸಿದರೆ ಅಲ್ಲಿಗೆ ಮುಗಿಯಿತು. ಹೆಚ್ಚಿದ್ದರೆ ನೀರನ್ನು ರಭಸವಾಗಿ ಎರಚಿ ಉದುರಿಸುತ್ತೇನೆ. ಅದಕ್ಕೂ ಬಗ್ಗದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಕೆಲವು ಹನಿ ದ್ರವ ಸೋಪು ಬೆರೆಸಿ ಸಂಜೆ ಹೊತ್ತು ಎಲೆಯ ಅಡಿಗೆ ಸಿಂಪಡಿಸುತ್ತೇನೆ. ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ.

ಸಿಂಪಡಿಸುವ ಮುನ್ನ ಗಿಡವನ್ನು ಗಮನವಿಟ್ಟು ನೋಡಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ. ಹೇನುಗಳ ನಡುವೆ ಉದ್ದನೆಯ, ಕಪ್ಪು ಮೈಯ, ಕಿತ್ತಳೆ ಚುಕ್ಕೆಗಳ ಒರಟು ಹುಳು ಓಡಾಡುತ್ತಿದ್ದರೆ ಅದು ಗುಲಗಂಜಿ ಹುಳುವಿನ ಮರಿ. ನೋಡಲು ಪೀಡೆಯಂತಿರುವುದರಿಂದ ಎಷ್ಟೋ ಜನ ಅದನ್ನೇ ಹೊಸಕಿಹಾಕುತ್ತಾರೆ. ಅದು ತಿನ್ನುವುದು ಹೇನನ್ನು, ಬೆಳೆಯುವಷ್ಟರಲ್ಲಿ ನೂರಾರನ್ನು. ಅದು ಕಂಡ ಗಿಡಕ್ಕೆ ನಾನು ಏನನ್ನೂ ಸಿಂಪಡಿಸುವುದಿಲ್ಲ. ಇರುವೆಗಳ ಸಾಲು ಹತ್ತಿದ್ದರೆ ಮಾತ್ರ ತಡೆಯುತ್ತೇನೆ, ಹೇನು ಸುರಿಸುವ ಸಿಹಿ ಅಂಟಿಗಾಗಿ ಅವು ಹೇನನ್ನು ಕಾಯುತ್ತವೆ, ಗುಲಗಂಜಿ ಹುಳುವನ್ನು ಓಡಿಸುತ್ತವೆ. ಇನ್ನೊಂದು ಮಾತು: ಸಾರಜನಕ ಹೆಚ್ಚಾಗಿ ಉಣ್ಣಿಸಿದ ಗಿಡದ ಮೆದು ಚಿಗುರಿನಲ್ಲಿ ಹೇನು ಬೇಗ ಹೆಚ್ಚುತ್ತದೆ. ವಸಂತ ಬಂತೆಂದು ಯೂರಿಯಾ ಎರಚುವವರ ತೋಟದಲ್ಲಿ ಹೇನಿನ ಕಾಟ ಮುಗಿಯುವುದೇ ಇಲ್ಲ.

ಕೊನೆಯದು ಊರುಗೋಲು. ಗಿಡ ಬಾಗಿದ ಮೇಲೆ ಕೋಲು ಊರಿದರೆ ಬೇರು ಕಡಿಯುತ್ತದೆ, ಆದ್ದರಿಂದ ಟೊಮೆಟೊ ಸಸಿ ನೆಡುವ ದಿನವೇ ಪಕ್ಕದಲ್ಲಿ ಕೋಲು ನಿಲ್ಲಿಸುತ್ತೇನೆ, ಬಳ್ಳಿಗಳಿಗೆ ಬಿತ್ತುವ ಮೊದಲೇ ಚಪ್ಪರ ಕಟ್ಟುತ್ತೇನೆ. ಕಾಂಡವನ್ನು ಕೋಲಿಗೆ ಬಿಗಿಯಾಗಿ ಬಿಗಿಯದೆ, ನಡುವೆ ದಾರವನ್ನು ಒಮ್ಮೆ ತಿರುವಿ ಸಡಿಲವಾಗಿ ಕಟ್ಟಿದರೆ ದಪ್ಪಗಾಗಲು ಜಾಗವಿರುತ್ತದೆ. ಮೂಲಂಗಿ, ಲೆಟಿಸ್‌ಗಳ ಮೊದಲ ಸಾಲು ಕೈಗೆ ಬರುವ ಹೊತ್ತಿಗೆ ಎರಡು ವಾರ ತಡವಾಗಿ ಬಿತ್ತಿದ ಎರಡನೆಯ ಸಾಲು ಮೇಲೆದ್ದಿರುತ್ತದೆ. ಮೊದಲ ಸಾಲು ಖಾಲಿಯಾದ ಜಾಗಕ್ಕೆ ಒಂದು ಬೊಗಸೆ ಕಾಂಪೋಸ್ಟ್ ಹಾಕಿ ಹುರುಳಿಕಾಯಿ ಬೀಜ ಊರುತ್ತೇನೆ. ಅಷ್ಟರಲ್ಲಿ ಮಣ್ಣು ಅದಕ್ಕೆ ಬೇಕಾದಷ್ಟು ಬೆಚ್ಚಗಾಗಿರುತ್ತದೆ.