ಮರದ ಹಡಗಿನ ಮಾಡೆಲ್‌ಗೆ ಪಟ್ಟಿ ಹೊದಿಸೋದು: ಮೊದಲ ಸಲ ಮಾಡೋರಿಗೆ

ಹೊಸದಾಗಿ ಕಿಟ್ ತಂದೋರು ಬಾಕ್ಸ್ ತೆಗೆದ ತಕ್ಷಣ ಮೈ ಮೇಲೆ ಬರೋ ತೆಳು ಮರದ ಪಟ್ಟಿ ಅಂಟ್ಸೋಕೆ ಕೂತ್ಬಿಡ್ತಾರೆ. ದಯವಿಟ್ಟು ಹಾಗೆ ಮಾಡ್ಬೇಡಿ, ಹಡಗಿನ ಮೈ ನೀಟಾಗಿ ಬರೋದು ಬಿಡೋದು ಎಲ್ಲಾ ಅಂಟು ಮುಟ್ಟೋಕೆ ಮುಂಚೆ ಮಾಡೋ ಕೆಲಸದ ಮೇಲೇ ಇದೆ.

ನಾನು ಹೇಳ್ತಿರೋದು ಉದ್ದಕ್ಕೆ ಒಂದು ಕೀಲ್ (ಹಡಗಿನ ಬೆನ್ನೆಲುಬು), ಅದಕ್ಕೆ ಅಡ್ಡವಾಗಿ ಪ್ಲೈವುಡ್ ಬಲ್ಕ್‌ಹೆಡ್‌ಗಳು (ಹಡಗಿನ ಆಕಾರ ಕೊಡೋ ಅಡ್ಡ ಹಲಗೆಗಳು), ಅವುಗಳ ಮೇಲೆ ಎರಡು ಪದರ ಪಟ್ಟಿ ಬರೋ ಥರದ ಕಿಟ್ ಬಗ್ಗೆ. ಒಳಗಿನ ಪದರ ಸಾಮಾನ್ಯವಾಗಿ ಲೈಮ್‌ವುಡ್ ಅಥವಾ ಬಾಸ್‌ವುಡ್, ಸುಮಾರು 1.5 ಮಿ.ಮೀ. ದಪ್ಪ, 5 ಮಿ.ಮೀ. ಅಗಲ. ಹೊರಗಿಂದು ವಾಲ್ನಟ್ ಥರದ್ದು, ಬರೀ ಅರ್ಧ ಮಿ.ಮೀ. ಆಸುಪಾಸು.

ಮೊದಲು ಬಲ್ಕ್‌ಹೆಡ್ ಅಂಚುಗಳನ್ನ ಓರೆಯಾಗಿ ಉಜ್ಜಬೇಕು. ಹಡಗು ಮುಂದಕ್ಕೂ ಹಿಂದಕ್ಕೂ ಕಿರಿದಾಗ್ತಾ ಹೋಗತ್ತಲ್ಲ, ಅಂಚು ನೇರವಾಗೇ ಇದ್ರೆ ಪಟ್ಟಿ ಒಂದು ಮೂಲೆ ಮೇಲೆ ಮಾತ್ರ ಕೂರತ್ತೆ, ಅಂಟು ಹಿಡಿಯೋಲ್ಲ. ಮುಂಭಾಗದ ಬಲ್ಕ್‌ಹೆಡ್‌ಗಳಲ್ಲಿ ಮುಂದಿನ ಅಂಚು, ಹಿಂಭಾಗದವುಗಳಲ್ಲಿ ಹಿಂದಿನ ಅಂಚು ಉಜ್ಜಿ, ನಡುವಿನದ್ದಕ್ಕೆ ಹೆಚ್ಚು ಕಮ್ಮಿ ಏನೂ ಬೇಕಾಗಲ್ಲ. ಲೇಸರ್‌ನಲ್ಲಿ ಕತ್ತರಿಸಿದ ಪ್ಲೈವುಡ್ ಆದ್ರೆ ಅಂಚು ಸುಟ್ಟು ಕಪ್ಪಗಿರತ್ತೆ, ಎಲ್ಲಿ ಕಪ್ಪು ಹೋಗಿ ಬಿಳಿ ಮರ ಕಾಣ್ತಿದ್ಯೋ ಅಲ್ಲಿ ಉಜ್ಜಿದ್ದೀರಿ ಅಂತ ಕಣ್ಣಿಗೇ ಗೊತ್ತಾಗತ್ತೆ, ಆಗಾಗ ಒಂದು ಉದ್ದ ಪಟ್ಟಿ ಇಟ್ಟು ಎಲ್ಲಾ ಕಡೆ ಪೂರ್ತಿ ತಾಗ್ತಿದ್ಯಾ ನೋಡ್ತಾ ಇರಿ. ಮೂತಿ (ಹಡಗಿನ ಮುಂತುದಿ) ಹತ್ರ ಬಲ್ಕ್‌ಹೆಡ್‌ಗಳ ಸಂದುಗಳಲ್ಲಿ ಬಾಲ್ಸಾ ಅನ್ನೋ ಹಗುರ ಮರದ ತುಂಡು ತುಂಬಿ ಆಕಾರಕ್ಕೆ ಉಜ್ಜಿಕೊಂಡ್ರೆ ಪಟ್ಟಿಗೆ ಒಳ್ಳೆ ಆಸರೆ ಸಿಗತ್ತೆ.

ಆಮೇಲೆ ಲೆಕ್ಕ. ಇದನ್ನ ಬಿಟ್ಟೋರ ಪಟ್ಟಿಗಳೇ ಮೂತಿ ಹತ್ರ ಒಂದರ ಮೇಲೊಂದು ಹತ್ತೋದು. ನಡುವಿನ ಬಲ್ಕ್‌ಹೆಡ್ ಅಂಚಿನ ಮೇಲೆ ಒಂದು ಪೇಪರ್ ಪಟ್ಟಿ ಹಿಡಿದು ಡೆಕ್‌ನಿಂದ ಕೀಲ್‌ವರೆಗೆ ಅಳೀರಿ. 90 ಮಿ.ಮೀ. ಬಂತು ಅಂದ್ಕೊಳ್ಳಿ, 5 ಮಿ.ಮೀ. ಪಟ್ಟಿ ಆದ್ರೆ 18 ಬೇಕು. ಮೂತಿ ಹತ್ರದ ಬಲ್ಕ್‌ಹೆಡ್‌ನಲ್ಲಿ 54 ಮಿ.ಮೀ. ಮಾತ್ರ ಇದ್ರೆ ಅದೇ 18 ಪಟ್ಟಿ ಅಲ್ಲಿ ಕೂರೋಕೆ ಒಂದೊಂದೂ 3 ಮಿ.ಮೀ.ಗೆ ಇಳೀಬೇಕು. ಅರ್ಧ ಅಗಲಕ್ಕಿಂತ ಕಮ್ಮಿ ಮಾತ್ರ ಮಾಡ್ಬೇಡಿ, ತುದಿ ಸೂಜಿ ಥರ ಆಗಿ ಮುರಿಯತ್ತೆ, ಅಂಥ ಕಡೆ ಒಂದು ಪಟ್ಟಿನ ಸ್ವಲ್ಪ ಹಿಂದೆಯೇ ನಿಲ್ಲಿಸೋದು ವಾಸಿ. ಹಿಂಭಾಗದಲ್ಲಿ ಉಲ್ಟಾ, ಜಾಗ ಜಾಸ್ತಿಯಾಗಿ ಸಂದು ಬಿಡತ್ತೆ, ಅಲ್ಲಿ ತ್ರಿಕೋನದ ಸಣ್ಣ ತುಂಡು ಸೇರಿಸ್ತಾರೆ. ಎಡಕ್ಕೊಂದು ಬಲಕ್ಕೊಂದು ಪಟ್ಟಿ ಜೋಡಿಯಾಗಿ ಕ್ಲಿಪ್ ಹಾಕಿ ಒಟ್ಟಿಗೇ ಕಿರಿದು ಮಾಡಿದ್ರೆ ಎರಡೂ ಕಡೆ ಒಂದೇ ಅಳತೆ ಬರತ್ತೆ.

ಬಗ್ಗಿಸೋಕೆ ಬಿಸಿ ನೀರಲ್ಲಿ 15-20 ನಿಮಿಷ ನೆನೆಸಿ, ಜಾಗದಲ್ಲಿ ಅಂಟಿಲ್ಲದೆ ಕ್ಲಿಪ್ ಹಾಕಿ ಒಣಗೋಕೆ ಬಿಡಿ. ಒದ್ದೆ ಇರೋವಾಗ್ಲೇ ಅಂಟಿಸಬಾರದು, ನೆಂದ ಮರ ಊದಿರತ್ತೆ, ಒಣಗಿ ಕುಗ್ಗಿದಾಗ ಪಟ್ಟಿಗಳ ಮಧ್ಯೆ ಗೆರೆ ಬಿಡತ್ತೆ.

ಮೊದಲ ಪಟ್ಟಿ ಡೆಕ್ ಅಂಚಿಗೆ, ಆಮೇಲೆ ಒಂದು ಎಡಕ್ಕೆ ಒಂದು ಬಲಕ್ಕೆ ಅಂತ ಬದಲಾಯಿಸ್ತಾ ಹೋಗಿ. ಒಂದೇ ಕಡೆ ಮುಗಿಸಿದ್ರೆ ಕೀಲ್ ಆ ಕಡೆಗೆ ತಿರುಚತ್ತೆ, ಆಮೇಲೆ ಅದನ್ನ ಸರಿ ಮಾಡೋಕಾಗಲ್ಲ. ಬಲ್ಕ್‌ಹೆಡ್‌ಗೂ ಪಕ್ಕದ ಪಟ್ಟಿ ಅಂಚಿಗೂ ಫೆವಿಕಾಲ್ ಸಾಕು, ತುದಿಗಳಲ್ಲಿ ಮಾತ್ರ ಒಂದು ಹನಿ ಫೆವಿಕ್ವಿಕ್. ಗುಂಡುಪಿನ್ ಚುಚ್ಚಿದ್ರೆ ಅರ್ಧಕ್ಕೇ ನಿಲ್ಲಿಸಿ, ಅಂಟು ಒಣಗಿದ ಮೇಲೆ ಕಿತ್ಬಿಡಿ. ಪಟ್ಟಿ ಕೂರೋಕೆ ಬಲವಾಗಿ ಒತ್ಬೇಕಾಗ್ತಿದೆ ಅಂದ್ರೆ ಅಗಲನೋ ಬಾಗೋ ಸರಿಯಿಲ್ಲ, ತೆಗೆದು ಇನ್ನೊಮ್ಮೆ ತಿದ್ದಿ.

ಒಳಪದರ ಮುಗಿದ ಮೇಲೆ ಸಂದುಗಳಿಗೆ ವುಡ್ ಫಿಲ್ಲರ್ ತುಂಬಿ 120, ಆಮೇಲೆ 240 ನಂಬರ್ ಸ್ಯಾಂಡ್ ಪೇಪರ್ ಹಾಕಿ, ಕಣ್ಣು ಮುಚ್ಚಿ ಬೆರಳು ಆಡಿಸಿ, ಕಣ್ಣಿಗೆ ಕಾಣದ ಉಬ್ಬು ಬೆರಳಿಗೆ ಸಿಗತ್ತೆ. ಹೊರಪದರ ತೀರಾ ತೆಳು ಆಗಿರೋದ್ರಿಂದ ಕೆಳಗಿನ ಉಬ್ಬನ್ನ ಮುಚ್ಚೋಲ್ಲ, ಎತ್ತಿ ತೋರಿಸತ್ತೆ. ಅದಕ್ಕೂ ಇದೇ ಲೆಕ್ಕ, ಇದೇ ಕ್ರಮ. ಉಜ್ಜೋವಾಗ ಮಾತ್ರ ಕೈ ಹಗುರ ಇರ್ಲಿ, ಸ್ವಲ್ಪ ಜಾಸ್ತಿ ಆದ್ರೂ ವಾಲ್ನಟ್ ಸವೆದು ಕೆಳಗಿನ ಬಿಳಿ ಮರ ಕಾಣಿಸ್ಬಿಡತ್ತೆ.