ಕಡಿಮೆ ಗಾಳಿಗೆ ಮೊದಲು ಬೋರ್ಡ್, ಆಮೇಲೆ ಕೈಟ್

ದೊಡ್ಡ ಗಾಳಿಪಟ (ಕೈಟ್) ಎಳೆಯುತ್ತಿರಲು ಬೋರ್ಡ್ ಮೇಲೆ ನಿಂತು ನೀರಿನಲ್ಲಿ ಜಾರುವ ಆಟ ಕೈಟ್ ಸರ್ಫಿಂಗ್. ಅದರ ಮೊದಲ ಪಾಠಗಳು ಮುಗಿದು, ಸ್ವಂತ ಸಾಮಾನು ಕೊಳ್ಳಬೇಕು ಅಂದಾಗ ನನಗೆ ಸಿಕ್ಕ ಸಲಹೆ ಹೆಚ್ಚು ಕಡಿಮೆ ಒಂದೇ: ‘ಗಾಳಿ ಕಡಿಮೆ ಇದ್ದರೆ ದೊಡ್ಡ ಕೈಟ್ ತಗೋ.’ ನಾನು ಇಳಿಯುವ ನೀರಿನಲ್ಲಿ ಗಾಳಿ ಬಹುಪಾಲು 10ರಿಂದ 14 ನಾಟ್ ಆಸುಪಾಸಿನಲ್ಲಿರುತ್ತದೆ. ಒಂದು ನಾಟ್ ಅಂದರೆ ಗಂಟೆಗೆ 1.85 ಕಿಲೋಮೀಟರ್. ಹಾಗಾಗಿ 12 ನಾಟ್ ಅಂದರೆ ಗಂಟೆಗೆ ಸುಮಾರು 22 ಕಿಲೋಮೀಟರ್. ದಡದಲ್ಲಿ ನಿಂತವರ ಟೋಪಿ ಹಾರಿಸಲು ಅಷ್ಟು ಸಾಕು. 78 ಕಿಲೋ ತೂಕದ ನನ್ನನ್ನು ನೀರಿನ ಮೇಲೆ ಎತ್ತಿ ಓಡಿಸಲು ಅದು ಗಡಿಯ ಮೇಲಿರುವ ಗಾಳಿ.

ಆ ಸಲಹೆ ಪೂರ್ತಿ ತಪ್ಪೇನಲ್ಲ. ಆದರೆ ಕೊಳ್ಳುವ ಮೊದಲು ಬಾಡಿಗೆಗೋ, ಪರಿಚಯದವರಿಂದ ಕೇಳಿಯೋ ಬೇರೆ ಬೇರೆ ಸಾಮಾನು ಹಾಕಿ ನೋಡಿದೆ. ಒಂದು ನಿಯಮ ಇಟ್ಟುಕೊಂಡಿದ್ದೆ: ಒಂದು ಸಲಕ್ಕೆ ಒಂದನ್ನೇ ಬದಲಾಯಿಸುವುದು. ಅದೇ ಗಾಳಿ, ಅದೇ ಕೈಟ್, ಬೋರ್ಡ್ ಮಾತ್ರ ಬೇರೆ. ಇಲ್ಲವೇ ಅದೇ ಬೋರ್ಡ್, ಕೈಟ್ ಬೇರೆ. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಅನುಕೂಲ ಆಯಿತು ಅಂತ ಗೊತ್ತೇ ಆಗುವುದಿಲ್ಲ. ಹೀಗೆ ನೋಡಿದಾಗ ಹೆಚ್ಚು ಫರಕು ಮಾಡಿದ್ದು ಬೋರ್ಡ್.

ಯಾಕೆ ಅಂತ ಲೆಕ್ಕ ಹಾಕಿ ನೋಡಿ. ಕೈಟ್‌ನ ಎಳೆತ ಗಾಳಿಯ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಾಳಿ 10 ನಾಟ್‌ನಿಂದ 12ಕ್ಕೆ ಏರಿದರೆ ಎಳೆತ ಸುಮಾರು 44% ಜಾಸ್ತಿ. 14ಕ್ಕೆ ಹೋದರೆ ಹತ್ತಿರ ಹತ್ತಿರ ಎರಡರಷ್ಟು. ಕೈಟ್‌ನ ಅಳತೆಯಿಂದ ಸಿಗುವುದು ಅಷ್ಟಿಲ್ಲ. 12 ಚದರ ಮೀಟರ್ ಬಿಟ್ಟು 17 ಚದರ ಮೀಟರ್ ಹಿಡಿದರೆ ಬಟ್ಟೆ ಜಾಸ್ತಿಯಾಗುವುದು ಸುಮಾರು 42%. ಅಂದರೆ ಐದು ಚದರ ಮೀಟರ್ ಬಟ್ಟೆ ಸೇರಿಸಿ ನಾವು ಗಳಿಸುವುದು ಎರಡು ನಾಟ್ ಗಾಳಿ ಅಷ್ಟೆ. ಅದೂ ಕಾಗದದ ಮೇಲೆ. ದೊಡ್ಡ ಕೈಟ್‌ಗೆ ತೂಕವೂ ಜಾಸ್ತಿ, ತಿರುಗುವುದೂ ನಿಧಾನ.

ಈ ನಿಧಾನ ಕಲಿಯುವವರನ್ನು ಜಾಸ್ತಿ ಕಾಡುತ್ತದೆ. ಗಾಳಿ ಕಡಿಮೆ ಇದ್ದಾಗ ಕೈಟ್ ಒಂದೇ ಕಡೆ ನಿಂತರೆ ಎಳೆತ ಬರುವುದಿಲ್ಲ. ಅದನ್ನು ಮೇಲೆ ಕೆಳಗೆ ಓಡಿಸುತ್ತಿರಬೇಕು. ಓಡುವಾಗ ಅದು ತನ್ನ ಗಾಳಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ, ಎಳೆತ ಹೆಚ್ಚುತ್ತದೆ. ಚುರುಕಾಗಿ ತಿರುಗುವ 14 ಚದರ ಮೀಟರ್ ಕೈಟ್‌ನಲ್ಲಿ ಇದು ಸಲೀಸು. 17ರಲ್ಲಿ ಬಾರ್, ಅಂದರೆ ಕೈಟ್ ತಿರುಗಿಸಲು ಕೈಯಲ್ಲಿ ಹಿಡಿಯುವ ಕೋಲು, ಎಳೆದ ಮೇಲೆ ಕೈಟ್ ತಿರುಗುವ ತನಕ ಕಾಯಬೇಕು. ಕಾಯುವ ಅಂದಾಜು ಹೊಸಬರಿಗೆ ಇರುವುದಿಲ್ಲ. ಇನ್ನಷ್ಟು ಎಳೆಯುತ್ತಾರೆ. ಅಷ್ಟರಲ್ಲಿ ಕೈಟ್ ಪೂರ್ತಿ ತಿರುಗಿ ನೀರಿಗೆ ಬಿದ್ದಿರುತ್ತದೆ.

ಈಗ ಬೋರ್ಡ್. ಕಲಿಸುವ ಜಾಗಗಳಲ್ಲಿ ಕಾಣುವ ಸಾಮಾನ್ಯ ಟ್ವಿನ್‌ಟಿಪ್, ಅಂದರೆ ಎರಡು ತುದಿಯೂ ಒಂದೇ ಥರ ಇರುವ ಬೋರ್ಡ್, ಸುಮಾರು 138 ಸೆಂಟಿಮೀಟರ್ ಉದ್ದ, 41 ಅಗಲ. ಕಡಿಮೆ ಗಾಳಿಗೆಂದೇ ಮಾಡಿದವು 150ರಿಂದ 165 ಉದ್ದ, 44ರಿಂದ 47 ಅಗಲ ಇರುತ್ತವೆ. ನಾನು ಆರಿಸಿದ್ದು 160 ಗುಣಿಸು 46. ಉದ್ದ ಅಗಲ ಗುಣಿಸಿ ನೋಡಿದರೆ 138ರದ್ದಕ್ಕಿಂತ ಸುಮಾರು 30% ದೊಡ್ಡದು. ಅದೇ ಗಾಳಿ, ಅದೇ ಕೈಟ್. ಚಿಕ್ಕ ಬೋರ್ಡ್‌ನಲ್ಲಿ ಎದ್ದು ನಾಲ್ಕು ಮಾರು ಹೋಗಿ ಮತ್ತೆ ಮುಳುಗುತ್ತಿದ್ದ ಕಡೆ ಇದು ಸುಮ್ನೆ ಎದ್ದು ಹೊರಟಿತು.

ಅಳತೆಯಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ರಾಕರ್. ಬೋರ್ಡನ್ನು ಸಮ ನೆಲದ ಮೇಲಿಟ್ಟು ಪಕ್ಕದಿಂದ ನೋಡಿ. ತುದಿಗಳು ಎಷ್ಟು ಮೇಲೆ ಬಾಗಿವೆಯೋ ಅದೇ ರಾಕರ್. ಬಾಗು ಜಾಸ್ತಿ ಇದ್ದರೆ ಬೋರ್ಡ್ ನೀರನ್ನು ತಳ್ಳುತ್ತಾ ಹೋಗುತ್ತದೆ. ಚಪ್ಪಟೆ ಇದ್ದರೆ ಕಡಿಮೆ ಎಳೆತಕ್ಕೇ ನೀರಿನ ಮೇಲೆ ಜಾರಲು ಶುರು ಮಾಡುತ್ತದೆ. ಒಮ್ಮೆ ಜಾರಲು ಶುರುವಾಯಿತೋ, ಅರ್ಧ ಗೆದ್ದ ಹಾಗೆ. ನಾವು ಓಡುವ ವೇಗವೂ ಸೇರಿ ಕೈಟ್‌ಗೆ ಸಿಗುವ ಗಾಳಿ ಹೆಚ್ಚುತ್ತದೆ. ಉದ್ದ ಬೋರ್ಡ್‌ನ ಅಂಚು ನೀರಿನಲ್ಲಿ ಜಾಸ್ತಿ ಕಚ್ಚುವುದರಿಂದ ಗಾಳಿ ಬರುವ ದಿಕ್ಕಿನ ಕಡೆಗೆ ಓರೆಯಾಗಿ ಸಾಗುವುದೂ ಸುಲಭ. ಹೊಸಬರ ದೊಡ್ಡ ಗೋಳು ಯಾವುದು? ಗಾಳಿ ತಳ್ಳಿದ ಕಡೆ ಹೋಗಿ ದಡ ಸೇರಿ, ಬೋರ್ಡ್ ಹೊತ್ತು ಹೊರಟ ಜಾಗಕ್ಕೆ ನಡೆಯುವುದು, ಅಲ್ವಾ? ನನ್ನ ಆ ನಡಿಗೆಯನ್ನು ತಗ್ಗಿಸಿದ್ದು ಈ ಬೋರ್ಡ್.

ದೊಡ್ಡ ಬೋರ್ಡ್‌ಗೆ ತೊಂದರೆಗಳೂ ಇವೆ. ಚಿಕ್ಕ ಅಲೆಗಳ ಮೇಲೆ ಪಟಪಟ ಬಡಿಯುತ್ತದೆ, ಮಂಡಿಗೆ ಗೊತ್ತಾಗುತ್ತದೆ. ಗಾಳಿ ಜೋರಾದರೆ ಅಂಚು ಒತ್ತಿ ಹಿಡಿಯುವುದು ಕಷ್ಟ. ಹೊತ್ತು ತಿರುಗುವುದಂತೂ ಬಿಡಿ. ಆದರೂ 10ರಿಂದ 14 ನಾಟ್‌ನಲ್ಲಿ ಕಲಿಯುವವರು ಇವನ್ನೆಲ್ಲ ಸಹಿಸಿಕೊಳ್ಳಬಹುದು. ನಿಮ್ಮ ತೂಕ 60 ಕಿಲೋ ಆಸುಪಾಸಿನಲ್ಲಿದ್ದರೆ 160 ಬೇಡ, 150 ಧಾರಾಳ.

ಬೋರ್ಡ್ ಆದ ಮೇಲೆ ಕೈಟ್ ಆರಿಸಿದೆ. ಸವಾರರು ಬಳಸುವ ಒಂದು ಒರಟು ಲೆಕ್ಕ ಇದೆ: ಕಿಲೋದಲ್ಲಿ ತೂಕವನ್ನು ನಾಟ್‌ನಲ್ಲಿ ಗಾಳಿಯಿಂದ ಭಾಗಿಸಿ 2.2ರಿಂದ ಗುಣಿಸುವುದು. ನನ್ನ ತೂಕಕ್ಕೆ 12 ನಾಟ್‌ನಲ್ಲಿ 14.3 ಚದರ ಮೀಟರ್ ಬರುತ್ತದೆ. 10 ನಾಟ್‌ಗೆ 17ರ ಮೇಲೆ. ದೊಡ್ಡ ಬೋರ್ಡ್ ಇದ್ದುದರಿಂದ 14 ಸಾಕು ಅಂತ ತೀರ್ಮಾನಿಸಿದೆ. 10 ನಾಟ್‌ನಲ್ಲಿ ಕಷ್ಟಪಟ್ಟು ಓಡುತ್ತದೆ. ಅದಕ್ಕೂ ಕೆಳಗೆ ಇಳಿದರೆ ನಾನು ನೀರಿಗೆ ಹೋಗುವುದಿಲ್ಲ.

ಅಳತೆಗಿಂತ ನಾನು ಜಾಸ್ತಿ ನೋಡಿದ್ದು ತೂಕವನ್ನು. ಮುಂದಿನ ಅಂಚಿಗೆ ಗಾಳಿ ತುಂಬಿಸುವ ಕೈಟ್‌ಗಳಿಗೆ ಅಡ್ಡಲಾಗಿ ಸ್ಟ್ರಟ್ ಎಂಬ ಗಾಳಿಕೊಳವೆಗಳಿರುತ್ತವೆ. ಐದು, ಮೂರು, ಒಂದು. ಒಂದೂ ಇಲ್ಲದವೂ ಸಿಗುತ್ತವೆ. ಸ್ಟ್ರಟ್ ಕಡಿಮೆಯಾದಷ್ಟೂ ಕೈಟ್ ಹಗುರ. ಕಡಿಮೆ ಗಾಳಿಯಲ್ಲಿ ಇದಕ್ಕೆ ಬೆಲೆ ಇದೆ, ಯಾಕೆಂದರೆ ಗಾಳಿ ಒಂದು ಕ್ಷಣ ಸತ್ತರೆ ಭಾರದ ಕೈಟ್ ನೇರ ಕೆಳಗೆ ಬರುತ್ತದೆ, ಹಗುರವಾದದ್ದು ತೇಲಿಕೊಂಡು ಕಾಯುತ್ತದೆ. ನೀರಿಗೆ ಬಿದ್ದ ಮೇಲೂ ಅಷ್ಟೆ. ಬಾರ್‌ನಿಂದ ಕೈಟ್‌ಗೆ ಹೋಗುವ ದಾರಗಳಲ್ಲಿ (ಲೈನ್) ಹಿಂದಿನ ಒಂದನ್ನು ಎಳೆದು ಹಿಡಿದು, ಕೈಟ್ ನಿಧಾನಕ್ಕೆ ಪಕ್ಕಕ್ಕೆ ಸರಿದು ಏಳುವ ತನಕ ಕಾಯಬೇಕು. 10 ನಾಟ್‌ನಲ್ಲಿ ಐದು ಸ್ಟ್ರಟ್‌ನ ದೊಡ್ಡ ಕೈಟ್ ಎಬ್ಬಿಸುವುದಕ್ಕೆ ಬಹಳ ತಾಳ್ಮೆ ಬೇಕು. ನಾನು ಕೊಂಡಿದ್ದು ಒಂದೇ ಸ್ಟ್ರಟ್‌ನದು. ಗಾಳಿ 17–18 ನಾಟ್ ದಾಟಿದರೆ ಹಿಂದಿನ ಅಂಚು ಪಡಪಡ ಹೊಡೆದುಕೊಳ್ಳುತ್ತದೆ. ಎಲ್ಲ ಗಾಳಿಗೂ ಒಂದೇ ಕೈಟ್ ಬೇಕು ಅನ್ನುವವರಿಗೆ ಮೂರು ಸ್ಟ್ರಟ್ ಸರಿ.

ಫಾಯಿಲ್ ಕೈಟ್ ಬಗ್ಗೆಯೂ ಬಹಳ ಹೊಗಳಿಕೆ ಕೇಳಿದ್ದೆ. ಪ್ಯಾರಾಗ್ಲೈಡರ್ ಥರ ಬರೀ ಬಟ್ಟೆ, ಕೊಳವೆಗಳಿಲ್ಲ. ಕಡಿಮೆ ಗಾಳಿಯಲ್ಲಿ ಅದಕ್ಕೆ ಸಾಟಿ ಇಲ್ಲ, ನಿಜ. ಆದರೆ ದಾರಗಳ ಜಾಲ ದೊಡ್ಡದು. ನೀರಿಗೆ ಬಿದ್ದು ಒಳಗೆ ನೀರು ಹೊಕ್ಕರೆ ಏಳಿಸುವುದು ದೊಡ್ಡ ಫಜೀತಿ. ದಿನವೂ ಕೈಟ್ ಬೀಳಿಸುವ ಹಂತದಲ್ಲಿ ಅದು ಬೇಡ. ಅಡಿಯಲ್ಲಿ ಕಂಬಕ್ಕೆ ರೆಕ್ಕೆ ಜೋಡಿಸಿ, ಓಡುವಾಗ ನೀರಿನಿಂದ ಮೇಲೇಳುವ ಹೈಡ್ರೋಫಾಯಿಲ್ ಬೋರ್ಡ್ ಕೂಡ ಹಾಗೆಯೇ. ಅದು 8 ನಾಟ್‌ನಲ್ಲೂ ಓಡುತ್ತದೆ, ಆದರೆ ಕೈಟ್ ಕಡೆ ನೋಡದೆ ಓಡಿಸುವುದು ರೂಢಿಯಾಗುವ ತನಕ ಎರಡನ್ನೂ ಒಟ್ಟಿಗೆ ಸಂಭಾಳಿಸಲು ಆಗುವುದಿಲ್ಲ. ನೀರಿನೊಳಗೆ ಹರಿತವಾದ ರೆಕ್ಕೆ ಬೇರೆ.

ಬಾರ್ ಅಗಲವಾದದ್ದು ಇರಲಿ, 55 ಸೆಂಟಿಮೀಟರ್ ಆಸುಪಾಸು. ಅಗಲ ಜಾಸ್ತಿಯಾದಷ್ಟೂ ದೊಡ್ಡ ಕೈಟ್ ಬೇಗ ತಿರುಗುತ್ತದೆ. ನನ್ನ ಲೈನ್‌ಗಳು 24 ಮೀಟರ್. ಉದ್ದ ಲೈನ್ ಇದ್ದರೆ ಕೈಟ್‌ಗೆ ಓಡಲು ಜಾಗ ಜಾಸ್ತಿ, ಮೇಲಿನ ಗಾಳಿಯೂ ಸಿಗುತ್ತದೆ. ನೀರಿನ ಹತ್ತಿರ ಗಾಳಿ ಸಾಮಾನ್ಯವಾಗಿ ಮಂದ, ಮೇಲೆ ಹೋದಂತೆ ಜೋರು. ಕೈಯಲ್ಲಿ ಹಿಡಿಯುವ ಗಾಳಿಮಾಪಕ ತೋರಿಸುವುದು ತಲೆಯ ಎತ್ತರದ ಗಾಳಿಯನ್ನು, ಕೈಟ್ ಹಾರುವ ಎತ್ತರದ್ದನ್ನಲ್ಲ. ಮಾಪಕ ಇಲ್ಲದಿದ್ದರೆ ನೀರನ್ನೇ ನೋಡಿ. ಅಲ್ಲೊಂದು ಇಲ್ಲೊಂದು ಬಿಳಿ ನೊರೆ ಕಂಡರೆ 7ರಿಂದ 10 ನಾಟ್, ಎಲ್ಲ ಕಡೆ ಕಾಣಲು ಶುರುವಾದರೆ 11ರ ಮೇಲೆ. ಇದು ಬ್ಯೂಫೋರ್ಟ್ ಮಾಪನದ ಲೆಕ್ಕ, ತೆರೆದ ಸಮುದ್ರಕ್ಕೆ ಮಾಡಿದ್ದು. ಚಿಕ್ಕ ಕೊಲ್ಲಿ, ಹಿನ್ನೀರಿನಲ್ಲಿ ಅಷ್ಟು ನಂಬಬೇಡಿ.

ಕೈಟ್‌ನ ಎಳೆತವನ್ನು ಮೈಗೆ ತಗಲಿಸುವ ಪಟ್ಟಿ, ಹಾರ್ನೆಸ್ ಬಗ್ಗೆ ಒಂದು ಮಾತು. ಕಲಿಯುವಾಗ ಕೈಟ್ ತಲೆಯ ಮೇಲೆ ಜಾಸ್ತಿ ಹೊತ್ತು ಇರುತ್ತದೆ, ಸೊಂಟದ ಹಾರ್ನೆಸ್ ಮೇಲಕ್ಕೆ ಸರಿದು ಪಕ್ಕೆಲುಬು ಒತ್ತುತ್ತದೆ. ಕೂರುವ ಹಾರ್ನೆಸ್, ತೊಡೆಗೂ ಪಟ್ಟಿ ಇರುವುದು, ಜಾಗ ಬಿಡುವುದಿಲ್ಲ. ನೋಡಲು ಅಷ್ಟು ಚಂದ ಇಲ್ಲ. ನಾನು ಅದನ್ನೇ ಹಾಕುತ್ತೇನೆ.

ಇಷ್ಟೆಲ್ಲ ಕೊಂಡ ಮೇಲೂ ಕೈಟ್ ಓಡದೆ ಹಿಂದಕ್ಕೆ ಜೋತು ಬೀಳುವುದುಂಟು. ಗಾಳಿ ಕಡಿಮೆ ಅಂತ ಬಾರನ್ನು ಎದೆಗೆ ಎಳೆದುಕೊಂಡರೆ ಹಿಂದಿನ ಲೈನ್‌ಗಳು ಬಿಗಿಯಾಗಿ ಕೈಟ್ ಗಾಳಿಯನ್ನು ಸೀಳದೆ ನಿಂತುಬಿಡುತ್ತದೆ. ಬಾರ್ ಸ್ವಲ್ಪ ಬಿಡಬೇಕು. ಆಗ ಕೈಟ್ ಮುಂದಕ್ಕೆ ಹಾರುತ್ತದೆ, ಆಮೇಲೆ ಎಳೆತ ಬರುತ್ತದೆ. ಬಿಟ್ಟರೂ ಮತ್ತೆ ಮತ್ತೆ ಜೋತು ಬಿದ್ದರೆ ಮುಂದಿನ ಲೈನ್‌ಗಳ ಟ್ರಿಮ್ ಪಟ್ಟಿಯನ್ನು ಸ್ವಲ್ಪ ಎಳೆಯುತ್ತೇನೆ. ಶಕ್ತಿ ಕಡಿಮೆ ಮಾಡುವ ಪಟ್ಟಿಯನ್ನು ಕಡಿಮೆ ಗಾಳಿಯಲ್ಲಿ ಎಳೆಯುವುದು ಉಲ್ಟಾ ಅನಿಸುತ್ತದೆ. ಮಾಡಿ ನೋಡಿ.

ಹಳೆಯ ಸಾಮಾನು ಕೊಳ್ಳುವುದಾದರೆ ಕೈಟ್‌ಗೆ ಗಾಳಿ ತುಂಬಿಸಿ ಒಂದು ಗಂಟೆ ಬಿಟ್ಟು ಮೆತ್ತಗಾಗಿದೆಯಾ ನೋಡಿ. ನಾಲ್ಕೂ ಲೈನ್ ಒಂದೇ ಕಡೆ ಕಟ್ಟಿ ಎಳೆದು ಉದ್ದ ಹೋಲಿಸಿ. ತುರ್ತಾಗಿ ಕೈಟ್ ಬಿಡಿಸುವ ಕೊಂಡಿಯನ್ನು ಎಳೆತ ಇರುವಾಗಲೇ ಒತ್ತಿ ಪರೀಕ್ಷಿಸಿ. ಅದು ಅಂಟಿಕೊಂಡರೆ ಬಾರ್ ಎಷ್ಟು ಸೋವಿಗೆ ಸಿಕ್ಕಿದರೂ ಬೇಡ.

ಕಡಿಮೆ ಗಾಳಿ ಅಂದರೆ ಅಪಾಯ ಕಡಿಮೆ ಅಂತಲ್ಲ. ಗಾಳಿ ಸತ್ತರೆ ಈಜಿಕೊಂಡು ಬರಬೇಕು. ಅದಕ್ಕೇ ನಾನು ಈಜಿ ಬರಬಲ್ಲಷ್ಟು ದೂರಕ್ಕೇ ಹೋಗುತ್ತೇನೆ. ದಡದಿಂದ ನೀರಿನ ಕಡೆಗೆ ಬೀಸುವ ಗಾಳಿ ಇದ್ದರೆ ಇಳಿಯುವುದೇ ಇಲ್ಲ. ಇನ್ನೊಂದು ಕಡೆ, 12 ನಾಟ್‌ಗೆ ಹಾರಿಸಿದ 14ರ ಕೈಟ್ ಮೇಲೆ ಗಾಳಿ 18ಕ್ಕೆ ಏರಿದರೆ ಎಳೆತ ಎರಡೂಕಾಲು ಪಟ್ಟು. ಬೋರ್ಡ್ ಬೇರೆ ದೊಡ್ಡದು, ಅಂಚು ಹಿಡಿಯಲು ಆಗದು. ದೂರದಲ್ಲಿ ನೀರು ಕಪ್ಪಾಗುತ್ತಾ ಬರುವುದು ಕಂಡರೆ ನಾನು ದಡಕ್ಕೆ ತಿರುಗುತ್ತೇನೆ. ಹಾಗೆ ದಡದಲ್ಲಿ ಕುಳಿತು ನೋಡುವ ದಿನಗಳು ಹೆಚ್ಚಾಗುತ್ತಿವೆ. ಅದಕ್ಕೆ ಮುಂದೆ ಕೊಳ್ಳುವುದು 10 ಚದರ ಮೀಟರ್‌ನದು, ಈ ಸಲ ಮೂರು ಸ್ಟ್ರಟ್. ಅದರ ಜೊತೆಗೆ 138ರ ಬೋರ್ಡ್.