ಒಂದು ಲಕ್ಷ ಹತ್ತು ಸಾವಿರ ಡಾಲರ್ ಸುರಿದ ಜಿಟಿಓ ಕಾರ್: ನಾನು ಲೆಕ್ಕ ಬಿಡಿಸಿದ ಬಗೆ

ರಿಸ್ಟೋರ್ ಮಾಡಿದ, ಅಂದರೆ ಕೆಲಸ ಮಾಡಿಸಿ ಮತ್ತೆ ಹೊಸದರಂತೆ ಮಾಡಿದ, ಹಳೇ ಅಮೆರಿಕನ್ ಮಸಲ್ ಕಾರ್‌ಗೆ (ದೊಡ್ಡ ಇಂಜಿನ್‌ನ ಜೋರು ಗಾಡಿ) ಆ ಕೆಲಸದ ಬಿಲ್ ಲೆಕ್ಕ ಹಾಕಿ ಬೆಲೆ ಕಟ್ಟುವುದು ನನ್ನ ಪದ್ಧತಿ. "ಬಿಲ್ ಎಣಿಸಿ ಯಾರಾದ್ರೂ ಮಸಲ್ ಕಾರ್ ಕೊಳ್ತಾರಾ? ಹಳೇ ಗಾಡಿಗಳ ಬೆಲೆ ಪುಸ್ತಕ ತೆಗೆದು ನೋಡು, ಸಾಕು" ಎಂದು ನಕ್ಕಿದ್ದರು ಡೆಟ್ರಾಯಿಟ್ ಕಡೆಯ ನನ್ನ ಮೂವರು ಗೆಳೆಯರು. ಆ ಮೂವರಲ್ಲಿ ಇಬ್ಬರು ಈಗ ಗಾಡಿ ನೋಡಲು ಹೋಗುವ ಮೊದಲು ನನಗೆ ಫೋನ್ ಮಾಡುತ್ತಾರೆ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ಮೊದಲು ಕೈ ಸುಟ್ಟುಕೊಂಡ ಕಥೆ. 2014ರಲ್ಲಿ 1968ರ ಫೈರ್‌ಬರ್ಡ್ ಕಾರ್ ಒಂದನ್ನು 31 ಸಾವಿರ ಡಾಲರ್‌ಗೆ ತಂದೆ. ರಿಸ್ಟೋರ್ ಮಾಡಲು 60 ಸಾವಿರ ಆಗಿದೆ ಅಂದಿದ್ದ ಮಾರಿದವನು. ಬಿಲ್ ಫೈಲು ಮದುವೆ ಆಲ್ಬಮ್‌ನಷ್ಟು ದಪ್ಪ ಇತ್ತು. ನಾನು ದಪ್ಪ ನೋಡಿದೆ, ಒಳಗೆ ಓದಲಿಲ್ಲ. ಎರಡನೇ ಚಳಿಗಾಲ ಕಳೆಯುವಷ್ಟರಲ್ಲಿ ಹಿಂದಿನ ಚಕ್ರದ ಕಮಾನಿನ ಮೇಲೆ ಪೇಂಟ್ ಹಪ್ಪಳದ ಹಾಗೆ ಉಬ್ಬಿತು. ಕೆರೆದರೆ ಆರೇಳು ಮಿಲಿಮೀಟರ್ ಪುಟ್ಟಿ. ಅದರ ಹಿಂದೆ ತಗಡೇ ಇಲ್ಲ! ಎರಡೂ ಕಡೆ ಕ್ವಾರ್ಟರ್ ಪ್ಯಾನೆಲ್ (ಹಿಂದಿನ ಚಕ್ರದ ಮೇಲಿನ ತಗಡು) ಹಾಕಿಸಿ ಪೇಂಟ್ ಹೊಡೆಸಲು ಮತ್ತೆ 14 ಸಾವಿರ ಹೋಯಿತು. ಆ ಗಾಡಿಗೆ ನನ್ನ ಹೆಂಡತಿ ಇಟ್ಟ ಹೆಸರನ್ನು ಇಲ್ಲಿ ಬರೆಯುವ ಹಾಗಿಲ್ಲ.

ಆಮೇಲೆ ಬಿಲ್ ಓದಲು ಕೂತೆ. ಅದೂ ಅತಿಯಾಯಿತು. ಇಂಡಿಯಾನಾದಲ್ಲಿ 1970ರ ಶೆವೆಲ್ ಕಾರ್ ಸಿಕ್ಕಿತ್ತು. ಕೇಳಿದ್ದು 46 ಸಾವಿರ. ಬಿಲ್ ಇಲ್ಲದ ಕೆಲಸಕ್ಕೆಲ್ಲ ಸೊನ್ನೆ ಹಾಕಿ 38ಕ್ಕೆ ನಿಂತೆ. ತಗಡಿನ ಕೆಲಸ ಪೂರ್ತಿ ಆ ಮುದುಕಪ್ಪ ತಾನೇ ಗ್ಯಾರೇಜಿನಲ್ಲಿ ಮಾಡಿದ್ದ. ಸ್ವಂತ ಕೂಲಿಗೆ ಬಿಲ್ ಎಲ್ಲಿಂದ ಬರಬೇಕು? ವೆಲ್ಡಿಂಗ್ ನೋಡಿದರೆ ಕಣ್ಣು ತಂಪಾಗುತ್ತಿತ್ತು. ಸಂಜೆಯೊಳಗೆ ಬೇರೆ ಯಾರೋ ಪೂರ್ತಿ ದುಡ್ಡು ಕೊಟ್ಟು ಒಯ್ದರು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಅಲ್ಲಿಂದ ಉಲ್ಟಾ ಹಿಡಿದೆ. ಮೊದಲು ಗಾಡಿಯನ್ನು ನೋಡಿ ನನ್ನದೇ ಬಿಲ್ ಬರೆಯುತ್ತೇನೆ: ಇಷ್ಟು ತಗಡು, ಇಷ್ಟು ಗಂಟೆ, ಇಷ್ಟು ಕ್ರೋಮ್, ಇಂಜಿನ್, ಸೀಟು. ಗಂಟೆಗೆ ಸುಮಾರು 100 ಡಾಲರ್ ಹಿಡಿಯುತ್ತೇನೆ. ಮಾಲೀಕನ ಫೈಲು ಆಮೇಲೆ ತೆರೆಯುವುದು. ಎರಡರ ನಡುವಿನ ವ್ಯತ್ಯಾಸ ಎಲ್ಲಿ ಹೋಯಿತು ಅಂತ ಹುಡುಕುವುದೇ ನಿಜವಾದ ಕೆಲಸ. ಬೆಲೆ ಪುಸ್ತಕ ಬೇಡ ಅಂತ ನಾನು ಹೇಳುತ್ತಿಲ್ಲ. ಅದು ಛಾವಣಿ ತೋರಿಸುತ್ತದೆ. ನೆಲ ಎಲ್ಲಿದೆ ಅಂತ ನಾವೇ ತಡವಿ ನೋಡಬೇಕು.

ನಡುವೆ ಒಂದು ಹುಚ್ಚು ಪ್ರಯೋಗ. ಗುಜರಿಯಿಂದ ಫೆಂಡರ್ ತಂದು ಒಂದು, ಎರಡು, ಮೂರು ಮಿಲಿಮೀಟರ್ ಪುಟ್ಟಿ ಬಳಿದು, ಫ್ರಿಜ್‌ಗೆ ಅಂಟಿಸುವ ಮೂರ್ನಾಲ್ಕು ಬಗೆಯ ಮ್ಯಾಗ್ನೆಟ್ ಇಟ್ಟು ನೋಡಿದೆ. ಜಾಹೀರಾತಿನವರು ಹಂಚುವ ತೆಳು ಮ್ಯಾಗ್ನೆಟ್ಟೇ ಒಳ್ಳೆಯದು, ಒಂದು ಮಿಲಿಮೀಟರ್ ದಾಟಿದರೆ ಜಾರಿ ಬೀಳುತ್ತದೆ. ಜೋರು ಮ್ಯಾಗ್ನೆಟ್ ಎಲ್ಲದಕ್ಕೂ ಅಂಟಿಕೊಂಡು ಸುಳ್ಳು ಹೇಳುತ್ತದೆ. ಪೇಂಟ್‌ನ ದಪ್ಪ ಅಳೆಯುವ ಗೇಜ್ ಇದೆ, ಸುಮಾರು 150 ಡಾಲರ್ ಕೊಟ್ಟಿದ್ದೆ. ಆದರೂ ಮೊದಲು ಹಲಸಿನ ಹಣ್ಣಿಗೆ ಬಡಿದ ಹಾಗೆ ಬೆರಳಗೆಣ್ಣಿನಿಂದ ಬಡಿದು ಕೇಳುವುದೇ ನನ್ನ ಅಭ್ಯಾಸ. ನೋಡುವವರು ನಗುತ್ತಾರೆ, ನಗಲಿ.

ಈಗ ಪಾಂಟಿಯಾಕ್ ಕಂಪನಿಯ ಆ ಜಿಟಿಓ ವಿಷಯ. ಒಹಾಯೋದಲ್ಲಿತ್ತು. 1969, ಕ್ಯಾರೊಸೆಲ್ ಕೆಂಪು, ಜಡ್ಜ್ ಎಂಬ ವಿಶೇಷ ಮಾದರಿಯ ಪಟ್ಟಿ, ಹಿಂದೆ ರೆಕ್ಕೆ. ಆ ವರ್ಷ ಜಡ್ಜ್ ಆಗಿ ಹೊರಬಂದಿದ್ದು 6,833 ಗಾಡಿ. ಇವತ್ತು ಮೇಳಗಳಲ್ಲಿ ಅದಕ್ಕಿಂತ ಜಾಸ್ತಿ ಕಾಣುತ್ತವೆ, ಅಲ್ವಾ? ವಿನ್ (ಗಾಡಿಯ ಗುರುತಿನ ಸಂಖ್ಯೆ) ನೋಡಿದರೆ ಗೊತ್ತಾಗುವುದಿಲ್ಲ, ಮಾಮೂಲಿ ಹಾರ್ಡ್‌ಟಾಪ್‌ಗೂ ಜಡ್ಜ್‌ಗೂ ಶುರುವಿನ ಅಂಕಿ ಒಂದೇ, 24237. ಗಾಡಿ ಮಾರುತ್ತಿದ್ದ ಈ ಮನುಷ್ಯ ಮಾತ್ರ "ಇದು ಜಡ್ಜ್ ಅಲ್ಲ, ವೇಷ ಅಷ್ಟೇ" ಅಂತ ತಾನೇ ಹೇಳಿದ. ಪಾಂಟಿಯಾಕ್ ಗಾಡಿಗಳ ಹಳೇ ಕಾರ್ಖಾನೆ ದಾಖಲೆ ಕೊಡುವ ಪಿಎಚ್‌ಎಸ್‌ನಿಂದ ಕಾಗದ ತರಿಸಿದೆ. ಹೇಳಿದ್ದು ನಿಜ. ಪಾಂಟಿಯಾಕ್ ಊರಿನ ಕಾರ್ಖಾನೆಯದ್ದು, ಬಣ್ಣ ವರ್ಡೊರೊ ಹಸಿರು, ನಾಲ್ಕು ಗೇರ್. ಇಂಜಿನ್ ಬ್ಲಾಕ್ ಮುಂದೆ ಕೊರೆದಿದ್ದ ಗುರುತು ಡಬ್ಲ್ಯೂಟಿ, ಅಂದರೆ ಮ್ಯಾನುಯಲ್ ಗೇರಿನ ಗಾಡಿಯ 350 ಕುದುರೆಶಕ್ತಿಯ ಇಂಜಿನ್. ಬ್ಲಾಕ್ ಮೇಲಿದ್ದ ವಿನ್‌ನ ತುಂಡೂ ಗಾಡಿಯ ವಿನ್‌ಗೆ ತಾಳೆಯಾಯಿತು.

ಖರ್ಚು 1 ಲಕ್ಷ 10 ಸಾವಿರ ಅಂದ. ಕೇಳಿದ್ದು 68 ಸಾವಿರ. "ಫ್ರೇಮ್‌ನಿಂದ ಬಾಡಿ ಎತ್ತಿ ಮಾಡಿಸಿದ್ದೇನೆ, ಖರ್ಚಿಗಿಂತ ಎಷ್ಟೋ ಕಮ್ಮಿಗೆ ಕೊಡ್ತಿದ್ದೇನೆ."

ಗಾಡಿ ಕೆಳಗೆ ಮಲಗಿದೆ. ಬಾಡಿಯನ್ನು ಫ್ರೇಮ್‌ಗೆ ಹಿಡಿಯುವ ಬೋಲ್ಟ್‌ಗಳ ಮೇಲೆ ಹಳೇ ಅಂಡರ್‌ಕೋಟ್ (ತುಕ್ಕು ತಡೆಯಲು ಅಡಿಗೆ ಬಳಿಯುವ ಲೇಪ) ಬಿರುಕೂ ಬಿಡದೆ ಕೂತಿತ್ತು. ರಬ್ಬರ್ ಬುಷ್ 1969ರದ್ದೇ ಇರಬೇಕು, ಕಲ್ಲಾಗಿತ್ತು. ಡ್ಯಾಶ್ ಹಿಂದೆ ಕ್ಯಾಮೆರಾ ತೂರಿಸಿದರೆ ಹಳೇ ಹಸಿರು ಬಣ್ಣ. ಅಂದರೆ ಬಾಡಿಯನ್ನು ಯಾರೂ ಎತ್ತಿಯೇ ಇರಲಿಲ್ಲ. ಇನ್ನೂ ಎರಡು ಜಾಗ ನೋಡುತ್ತೇನೆ. ಅವನ್ನು ಹೇಳಲ್ಲ, ನಾನು ಮುಂದಿನ ಗಾಡಿ ಇನ್ನೂ ಕೊಂಡಿಲ್ಲ.

ಬಾಡಿ ಎತ್ತಿದ ಕೂಲಿ ಅಂತ ವರ್ಕ್‌ಶಾಪ್ 22 ಸಾವಿರ ಹಾಕಿತ್ತು. ಪಾಪ, ಈತನಿಗೂ ಮೋಸ ಆಗಿತ್ತು. ಬೋಲ್ಟ್ ತೋರಿಸಿದಾಗ ಮುಖ ಸಪ್ಪಗಾಯಿತು. ಫೈಲಿನಲ್ಲಿ ಪೇಂಟ್ ಬಿಲ್ ಎರಡಿದ್ದವು. ಮೊದಲನೆಯದು ಕೆಟ್ಟು ಮತ್ತೆ ಹೊಡೆಸಿದ್ದು, ಆ ಕೆಟ್ಟದ್ದು 11 ಸಾವಿರ. ಇಂಜಿನ್ ಕೂಡ ಎರಡು ಸಲ ಬಿಚ್ಚಿತ್ತು, ಮೊದಲ ಸಲದ್ದು 7. ಹಾಕಿ ತೆಗೆದ ಚಕ್ರ ಟೈರು 3. ಇನ್ಶೂರೆನ್ಸ್, ಸಾಗಾಣಿಕೆ, ಮೇಳದ ಫೀಸು ಸೇರಿ 4. ಅವನು ತಪ್ಪು ಮಾಡಿ ಕಲಿತ ಪಾಠಕ್ಕೆ ನಾನ್ಯಾಕೆ ಫೀಸು ಕಟ್ಟಲಿ? ಒಟ್ಟು 47 ಕಳೆದರೆ 63. ನನ್ನ ಬಿಲ್ಲು 61 ಅಂದಿತ್ತು, ಹತ್ತಿರವೇ. ಹಿಂದಿನ ಗಾಜು ಕೂರುವ ಚಾನೆಲ್‌ನಲ್ಲಿ ತುಕ್ಕು, ಡಿಕ್ಕಿಯ ನೆಲ ಒದ್ದೆ. ಅದಕ್ಕೊಂದು 8 ಇಟ್ಟೆ.

52 ಅಂದೆ. ಅವನು ಮಾತಾಡಲಿಲ್ಲ. ನಾನೂ ಆಡಲಿಲ್ಲ. ಅವನ ಹೆಂಡತಿ ಕಾಫಿ ತಂದಳು. ಕಾಫಿ ಮುಗಿಯುವಷ್ಟರಲ್ಲಿ 54 ಮತ್ತು ಚಿಲ್ಲರೆಗೆ ಮುಗಿಯಿತು.

ಗಾಜು ತೆಗೆಸಿ ಚಾನೆಲ್, ಡಿಕ್ಕಿ ನೆಲ ಎಲ್ಲ ಸರಿ ಮಾಡಿಸಲು ಬಂದ ಬಿಲ್ 7,600ರ ಆಸುಪಾಸು. ಬೀಗಬಾರದು, ಆದರೂ ಆ ಬಿಲ್ಲಿನ ಫೋಟೊ ಮೂವರಿಗೂ ಕಳಿಸಿದೆ.

ತಪ್ಪಿದ್ದೂ ಇದೆ. ಟೆಸ್ಟ್ ಡ್ರೈವ್‌ನಲ್ಲಿ ಖುಷಿಯಾಗಿ ಮೂರನೇ ಗೇರಿನಲ್ಲೇ ಸುತ್ತಾಡಿದ್ದೆ. ಮನೆಗೆ ತಂದು ಬಿಸಿ ಇಂಜಿನ್‌ನಲ್ಲಿ ಎರಡನೇ ಗೇರಿಗೆ ಇಳಿಸಿದರೆ ಗೇರ್‌ಬಾಕ್ಸ್ ಗರ್ ಅಂತ ಕಿರುಚಿತು. ಗೇರ್ ಸದ್ದಿಲ್ಲದೆ ಬೀಳಲು ಬೇಕಾದ ಸಿಂಕ್ರೊ ಹೋಗಿತ್ತು, 1,400 ಡಾಲರ್. ಆಗಸ್ಟ್‌ನಲ್ಲಿ ಡೆಟ್ರಾಯಿಟ್ ಕಡೆಯ ಹಳೇ ಗಾಡಿಗಳ ಮೇಳ ವುಡ್‌ವರ್ಡ್ ಕ್ರೂಸ್‌ಗೆ ಒಯ್ದಾಗ ಡಿಕ್ಕಿಯಿಂದ ಚುರುಮುರಿ ಡಬ್ಬಿ ತೆಗೆಯುತ್ತಿದ್ದೆ. ಗೆಳೆಯನೊಬ್ಬ ಒಳಗಿದ್ದ ನನ್ನ ಫೈಲು ನೋಡಿ, "ಇದನ್ನ ಮಾರುವಾಗ ಆ ಸಿಂಕ್ರೊ ಬಿಲ್ ಸೇರಿಸ್ತೀಯಾ, ಕಳೀತೀಯಾ?" ಎಂದ. ಚುರುಮುರಿ ತಿನ್ನು ಅಂದೆ.